ಬುಧವಾರ ಮಾತ್ರ ನಡುಗದ ಬೇರಿಂಗು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಜ್ಜಂಪುರದ ಆ ಎಣ್ಣೆ ಮಿಲ್ಲಿನ ಮಾತು ಬಂದರೆ ಈಗಲೂ ಹೊಟ್ಟೆಯೊಳಗೆ ಕೆಂಡ ಇಟ್ಟಂಗಾಗುತ್ತೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಡಿಪ್ಲೊಮಾ ಮುಗಿಸಿ, ಕಡೂರಿನಿಂದ ದಿನಾ ಪ್ಯಾಸೆಂಜರ್ ರೈಲು ಹಿಡಿದು ಹೋಗಿ ಆ ಮಿಲ್ಲಿನ ಯಂತ್ರ ನೋಡಿಕೊಳ್ಳುತ್ತಿದ್ದೆ. ಕಡಲೆಕಾಯಿ ಅರೆಯುವ ಎಕ್ಸ್‌ಪೆಲ್ಲರಿಗೂ ಅದನ್ನು ತಿರುಗಿಸುವ ಗೇರ್‌ಬಾಕ್ಸಿಗೂ ನಡುವೆ ತೊಡೆಯಷ್ಟು ದಪ್ಪದ ಶಾಫ್ಟು, ಅದನ್ನು ಹೊತ್ತುಕೊಂಡಿದ್ದ ಒಂದು ಬೇರಿಂಗು. ಬೇರಿಂಗು ಸವೆದರೆ ಶಾಫ್ಟು ಓಲಾಡುತ್ತೆ, ಶಾಫ್ಟು ಓಲಾಡಿದರೆ ಗೇರಿನ ಹಲ್ಲು ಉದುರುತ್ತೆ. ಹಾಗಾಗುವ ಮೊದಲೇ ಗೊತ್ತಾಗಲಿ ಅಂತ ಯಜಮಾನರನ್ನು ಒಂದು ವರ್ಷ ಕಾಡಿ ಬೇಡಿ, ನಡುಕ ಅಳೆಯುವ ಮೀಟರು ತರಿಸಿದ್ದೆ. ಅದರ ಕಡ್ಡಿಯನ್ನು ಬೇರಿಂಗಿನ ಮೈಗೆ ಒತ್ತಿ ಹಿಡಿದರೆ ಡಯಲಿನಲ್ಲಿ ಮುಳ್ಳು ಏಳುತ್ತಿತ್ತು.

ಎಕ್ಸ್‌ಪೆಲ್ಲರ್ ನಡೆಸುತ್ತಿದ್ದ ಆಪರೇಟರ್ ಹಿರೇನಲ್ಲೂರು ಕಡೆಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಅವನ ಪದ್ಧತಿ. ನನಗೋ ಹೊಸ ಓದಿನ ಜಂಬ. "ಕಿವಿ ನಂಬೋ ಕಾಲ ಹೋಯ್ತು ಕಣಣ್ಣ. ಇನ್ಮೇಲೆ ಪ್ರತಿ ಬುಧವಾರ ಹತ್ತು ಗಂಟೆಗೆ ಅಳೀತೀನಿ. ಮುಳ್ಳು ಈ ಕೆಂಪು ಗೆರೆ ದಾಟ್ತೋ, ನಿನ್ನನ್ನೇ ಕೇಳೋದು" ಅಂದುಬಿಟ್ಟೆ. ಅವನು ಆಯ್ತು ಅಂತ ತಲೆಯಾಡಿಸಿದ.

ನಾಲ್ಕು ತಿಂಗಳು ಮುಳ್ಳು ಗೆರೆಯ ಹತ್ತಿರಕ್ಕೂ ಸುಳಿಯಲಿಲ್ಲ. ಪ್ರತಿ ಬುಧವಾರ ರಿಜಿಸ್ಟರಿನಲ್ಲಿ ದುಂಡಗೆ ಬರೆದು ಯಜಮಾನರಿಗೆ ತೋರಿಸುತ್ತಿದ್ದೆ. ಅವರು ಹಣೆಯ ವಿಭೂತಿ ಸುಕ್ಕುಗಟ್ಟುವಂತೆ ಹುಬ್ಬೇರಿಸಿ, "ಪರವಾಗಿಲ್ಲ ಕಣಯ್ಯ, ಓದಿದ್ದು ಸಾರ್ಥಕ ಆಯ್ತು" ಅನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ.

ಒಂದು ವಾರ, ಬುಧವಾರ ತರೀಕೆರೆಯಲ್ಲಿ ನೆಂಟರ ಮದುವೆ ಇದ್ದದ್ದರಿಂದ ಮಂಗಳವಾರವೇ ಮೀಟರು ಹಿಡಿದು ಹೋದೆ. ಕಡ್ಡಿ ಇಟ್ಟೆ. ಮುಳ್ಳು ಕೆಂಪು ಗೆರೆ ದಾಟಿ ಆ ಕೊನೆಗೆ ಹೋಗಿ ಬಡಿಯಿತು. ಆಪರೇಟರ್ ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. "ಇವತ್ತು ಮಂಗ್ಳಾರ ಅಲ್ವಾ ಸಾ? ಒಂದ್ಮಾತು ಹೇಳಿದ್ರೆ ರೆಡಿ ಮಾಡಿ ಇಟ್ಟಿರ್ತಿದ್ನಲ್ಲಾ" ಅಂದ.

ಏನು ರೆಡಿ ಮಾಡೋದು ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದ. ಬುಧವಾರ ಒಂಬತ್ತೂವರೆಗೆ ಬೇರಿಂಗಿಗೆ ಪಿಚಕಾರಿಯಂಥ ಗನ್ನಿನಲ್ಲಿ ಉಸಿರು ಕಟ್ಟುವಷ್ಟು ಗ್ರೀಸು ತುಂಬುವುದು, ನಾನು ಬರುವ ಹೊತ್ತಿಗೆ ಕಾಳು ಬೀಳುವ ಬಾಯಿ ಅರ್ಧ ಮುಚ್ಚಿ ಯಂತ್ರದ ಭಾರ ಇಳಿಸುವುದು. "ಮನೇಗೆ ನೆಂಟರು ಬತ್ತಾರೆ ಅಂದ್ರೆ ಅಂಗಳ ಗುಡಿಸಲ್ವಾ ಸಾ? ಇದೂ ಹಂಗೇ. ಬೇರಿಂಗಿನಾಗೆ ಸವುಂಡು ಬಂದು ಎರಡು ತಿಂಗ್ಳಾಯ್ತು. ಕಿವಿ ನಂಬಬ್ಯಾಡ ಅಂದಿದ್ರಲ್ಲ, ಅದ್ಕೇ ಸುಮ್ಕಿದ್ದೆ."

ತಲೆ ತಲೆ ಚಚ್ಚಿಕೊಂಡೆ. ಅವನನ್ನು ಬಾಯಿಗೆ ಬಂದಂತೆ ಬೈದೆ. ಕಾಯಿಲೆ ಬಿದ್ದವನನ್ನು ಡಾಕ್ಟರು ಬರುವ ಹೊತ್ತಿಗೆ ಎಬ್ಬಿಸಿ ಕೂರಿಸಿ, ತಲೆ ಬಾಚಿ ಪೌಡರು ಬಳಿದಂತೆ ಆಗಿತ್ತು ಅವನು ಮಾಡಿದ್ದು. ಬೈದಷ್ಟೂ ಅವನ ಮುಖ ಚಿಕ್ಕದಾಯಿತು. ಒಳ್ಳೆಯದನ್ನೇ ಮಾಡಿದ್ದೀನಿ ಅಂತ ಅವನು ನಂಬಿದ್ದ, ಅದೇ ನನಗೆ ಇನ್ನೂ ಉರಿ ಹತ್ತಿಸಿತು.

ಯಜಮಾನರ ಹತ್ತಿರ ಓಡಿದೆ. ಒಂದು ದಿನ ಮಿಲ್ಲು ನಿಲ್ಲಿಸಿ, ಬೇರಿಂಗು ಬದಲಾಯಿಸ್ತೀನಿ ಅಂದೆ. ಕಡಲೆಕಾಯಿ ಸುಗ್ಗಿ, ಹೊರಗೆ ಗಾಡಿಗಳ ಸಾಲು. ಅವರು ನನ್ನದೇ ರಿಜಿಸ್ಟರು ತೆಗೆದು ನನ್ನ ಮುಂದೆ ಹಿಡಿದರು. "ನಾಲ್ಕು ತಿಂಗ್ಳಿಂದ ಸರಿಯಾಗಿದ್ದದ್ದು ಒಂದೇ ವಾರಕ್ಕೆ ಕೆಟ್ಟೋಯ್ತೇನಪ್ಪಾ? ನಿನ್ನ ಮೀಟ್ರು ಕೆಟ್ಟಿರ್ಬೇಕು, ಅದನ್ನ ರಿಪೇರಿ ಮಾಡ್ಸು ಹೋಗು."

ನಂಬಿಸೋದಕ್ಕೆ ಒಂದೇ ದಾರಿ ಇತ್ತು. ಈ ರಿಜಿಸ್ಟರು ಪೂರ್ತಿ ಸುಳ್ಳು, ಆಪರೇಟರ್ ಹೀಗೆ ಹೀಗೆ ಮಾಡಿದ್ದ ಅಂತ ಹೇಳಬೇಕಿತ್ತು. ಹೇಳಿದರೆ ಆ ಸಂಜೆಯೇ ಅವನ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಇನ್ನೊಂದು ಸಲ ಬೇಡಿಕೊಂಡೆ, ಅವರು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ.

ಶನಿವಾರ ಮಧ್ಯಾಹ್ನ ಬೇರಿಂಗು ಒಡೆಯಿತು. ಗೇರ್‌ಬಾಕ್ಸಿನ ಹಲ್ಲುಗಳು ಪುಡಿಯಾಗಿ, ಮೇಲಿನ ಮುಚ್ಚಳ ಸೀಳಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ಮಿಲ್ಲು ಆ ಸುಗ್ಗಿ ಪೂರ್ತಿ ನಿಂತಿತು. ಯಜಮಾನರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ನನ್ನ ಕಡೆ ತಿರುಗಿ, "ನೀನು ಹೇಳಿದ್ದೆ, ನಾನೇ ಕೇಳ್ಲಿಲ್ಲ. ನಿನ್ನ ಮೀಟ್ರು ಸರಿಯಾಗೇ ಇತ್ತು" ಅಂದರು. ಆಪರೇಟರ್ ಕಡೆ ತಿರುಗಿ, "ಪಕ್ಕದಲ್ಲೇ ನಿಂತಿದ್ಯಲ್ಲೋ, ಇಷ್ಟು ವರ್ಷ ನಡೆಸಿದವನಿಗೆ ಒಂದು ಸದ್ದೂ ಕೇಳ್ಲಿಲ್ವಾ?" ಅಂತ ಕೇಳಿದರು.

"ಕೇಳಿಸ್ತು ಬುದ್ಧಿ" ಅಂದ ಅವನು. "ಯಾಕೆ ಹೇಳ್ಲಿಲ್ಲ ಅಂತ ಸಾರ್‌ಗೆ ಗೊತ್ತು. ಅವ್ರನ್ನೇ ಕೇಳಿ."

ಇಬ್ಬರೂ ನನ್ನ ಮುಖ ನೋಡುತ್ತಾ ನಿಂತರು. ಆಗ ತಾನೇ ಬಂದ ಹೊಗಳಿಕೆ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ನನಗೇನೂ ಗೊತ್ತಿಲ್ಲ ಅಂದುಬಿಟ್ಟೆ.