ಪಕ್ಕದ ಸೀಟಿನ ತೂಕ

ಬೀದಿಯವರು ಅವನಿಗೆ ಇಟ್ಟ ಹೆಸರು ಗುಡುಗು. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು ಎನ್ನುವಂಥ ಮನುಷ್ಯನಿಗೆ ಈ ಹೆಸರು ಬಂದದ್ದು ಅವನ ಕಾರಿನಿಂದ. ಮೂರು ಬಾಗಿಲಿನ ಕೆಂಪು ಹ್ಯಾಚ್‌ಬ್ಯಾಕ್. ನೋಡಲು ಅಂಗೈಯಗಲ, ಓಡಿಸಿದರೆ ದೊಡ್ಡ ದೊಡ್ಡ ಗಾಡಿಗಳು ಹಿಂದೆ ಉಳಿಯಬೇಕು. ಬೆಳಿಗ್ಗೆ ಏಳಕ್ಕೆ ಅದು ಸ್ಟಾರ್ಟ್ ಆದರೆ ಎದುರು ಮನೆಯ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಆ ಮನೆಯ ಟೈಲರ್ ಅಲಾರಂ ಇಡುವುದನ್ನೇ ಬಿಟ್ಟಿದ್ದ.

ಅವನ ಕೆಲಸ ಲಿಫ್ಟ್ ರಿಪೇರಿ. ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ದಿನವಿಡೀ ಒಬ್ಬನೇ. ಲಿಫ್ಟ್ ಕೆಟ್ಟಾಗ ಬಯ್ಯುವವರು ಬೇಕಾದಷ್ಟು, ಸರಿಯಾದ ಮೇಲೆ ಅವನ ಮುಖ ನೋಡಿದವರಿಲ್ಲ. ಮದುವೆಯ ಮಾತು ಎರಡು ಸಲ ಬಂದಿತ್ತು, ಎರಡು ಸಲವೂ ಹಾಗೇ ಹೋಯಿತು. ನಲವತ್ತಾರು ದಾಟಿದ ಮೇಲೆ ಯಾರೂ ಅದನ್ನು ಎತ್ತಲಿಲ್ಲ. ಉಳಿದದ್ದು ಕಾರು.

ಹಗುರವಾದಷ್ಟೂ ಕಾರಿಗೆ ವೇಗ ಹೆಚ್ಚು. ಅದಕ್ಕೇ ಹನ್ನೊಂದು ವರ್ಷದಿಂದ ಅವನು ಅದರೊಳಗಿನದನ್ನು ಒಂದೊಂದಾಗಿ ಕಳಚುತ್ತ ಬಂದಿದ್ದ. ಬಿಚ್ಚಿದ ಭಾಗವನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ತನ್ನ ತೂಕ ಕಳೆಯುವುದು, ಉಳಿದದ್ದನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಹಿಂದಿನ ಸೀಟು, ಇಪ್ಪತ್ತೊಂದು ಕೆಜಿ. ನೆಲಹಾಸು, ಆರು. ಕೊನೆಗೆ, ಐದು ವರ್ಷದ ಹಿಂದೆ, ಪಕ್ಕದ ಸೀಟು, ಹದಿನೇಳು. ಕೂರುವವರೇ ಇಲ್ಲದ ಮೇಲೆ ಸೀಟನ್ನು ಹೊತ್ತು ತಿರುಗುವುದೇಕೆ?

ಚಕ್ರಗಳ ಅಲೈನ್‌ಮೆಂಟ್ ಮಾಡಿಸುವಾಗಲೂ ಅವನದೊಂದು ಪದ್ಧತಿ. ಡ್ರೈವರ್ ಸೀಟಿನ ಮೇಲೆ ತನ್ನ ತೂಕದಷ್ಟು, ಎಪ್ಪತ್ತೊಂದು ಕೆಜಿ ಮರಳಿನ ಚೀಲ ಇಡಿಸುತ್ತಿದ್ದ. ತಾನು ಕೂತಾಗ ಹೇಗೋ ಹಾಗೆಯೇ ಗಾಡಿ ನಿಂತಿರಬೇಕು, ಆಮೇಲೆ ಚಕ್ರಗಳ ಓರೆ ಸರಿಪಡಿಸಬೇಕು. ಹಾಗಾಗಿ ಸ್ಟಿಯರಿಂಗ್ ಕೈಬಿಟ್ಟರೂ ಕಾರು ದಾರ ಹಿಡಿದಂತೆ ನೆಟ್ಟಗೆ ಹೋಗುತ್ತಿತ್ತು. ಒಬ್ಬನಿಗಾಗಿ, ಬರೀ ಒಬ್ಬನಿಗಾಗಿ ಹೊಂದಿಸಿದ ಗಾಡಿ.

ಹೀಗಿರುವಾಗ ಅಕ್ಕನ ಫೋನು ಬಂತು.

ತಾಯಿಯಿಲ್ಲದ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಮೂರು ವರ್ಷದ ಹಿಂದೆ ಭಾವ ತೀರಿಕೊಂಡಾಗ ಇವನು ಹೋಗಿ ಮೂಲೆಯಲ್ಲಿ ನಿಂತು ಬಂದಿದ್ದ. ಏನು ಹೇಳಬೇಕೋ ತೋಚಲಿಲ್ಲ. ತೋಚದ ನಾಚಿಕೆಗೆ ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

"ಮಂಡಿ ಆಪರೇಷನ್ ಆಯ್ತಲ್ಲೋ, ಇನ್ನು ಆರು ಗುರುವಾರ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗ್ಬೇಕಂತೆ. ಕರ್ಕೊಂಡು ಹೋಗ್ತೀಯಾ?"

"ಬರ್ತೀನಿ" ಅಂದ. ಫೋನಿಟ್ಟ ಮೇಲೆ ಅವನ ಕಾಲು ನೆಲದ ಮೇಲಿರಲಿಲ್ಲ. ಎರಡು ದಿನ ಕಾರು ತೊಳೆದ, ಮೇಣ ಹಚ್ಚಿ ಉಜ್ಜಿದ, ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಸಂದಿಗಳನ್ನೂ ಬಿಡಲಿಲ್ಲ. ಗುರುವಾರ ಹತ್ತಕ್ಕೆ ಗುಡುಗುತ್ತ ಅಕ್ಕನ ಗೇಟಿಗೆ ಹೋಗಿ ನಿಂತ. ಅಕ್ಕ ಊರುಗೋಲು ಊರುತ್ತ ಬಂದಳು. ಇವನು ದೊಡ್ಡ ಮನುಷ್ಯನ ಹಾಗೆ ಬಾಗಿಲು ತೆಗೆದ.

ಒಳಗೆ ಸೀಟಿರಬೇಕಾದಲ್ಲಿ ಬರೀ ತಗಡು, ನಾಲ್ಕು ಬೋಲ್ಟಿನ ತೂತು.

"ನಾನೆಲ್ಲಿ ಕೂತ್ಕೊಳ್ಳಲೋ?" ಅಂದಳು ಅಕ್ಕ.

ನಗಬೇಡಿ. ಐದು ವರ್ಷ ಒಂದೇ ಸೀಟಿನಲ್ಲಿ ಓಡಾಡಿದವನಿಗೆ ಕಾರಿನಲ್ಲಿ ಇಬ್ಬರು ಕೂರುತ್ತಾರೆಂಬುದೇ ಮರೆತುಹೋಗಿತ್ತು. ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು, ಟ್ಯಾಕ್ಸಿ ಕರೆಸಿದಳು. ಇವನು ಆಸ್ಪತ್ರೆಯವರೆಗೂ ಆ ಟ್ಯಾಕ್ಸಿಯ ಹಿಂದೆ ಬಂದ. ಬೇಕೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ದಾಟಬಹುದಿತ್ತು. ಹಿಂದಿನ ಗಾಜಿನಲ್ಲಿ ಅಕ್ಕ ಒಮ್ಮೆ ತಿರುಗಿ ಕೈ ಬೀಸಿದಳು. ಅವನಿಗೆ ಅಳು ಬಂತು.

ಮರುದಿನವೇ ಅಟ್ಟದಿಂದ ಸೀಟು ಇಳಿಯಿತು. ವೇಗಕ್ಕೆಂದು ತಗ್ಗಿಸಿದ್ದ ಗಾಡಿಯನ್ನು ಅಕ್ಕನ ಮಂಡಿಗೆ ಕಷ್ಟವಾಗದಿರಲೆಂದು ನಾಲ್ಕು ಬೆರಳು ಎತ್ತರಿಸಿದ. ಮಾತು ಕೇಳಿಸಬೇಕಲ್ಲ, ಗಾಡಿಯ ಜೊತೆ ಬಂದಿದ್ದ, ಸದ್ದು ಮಾಡದ ಹಳೆಯ ಸೈಲೆನ್ಸರ್ ಹಾಕಿದ. ಟೈಲರ್ ಎರಡು ದಿನ ತಡವಾಗಿ ಎದ್ದು ಅವನನ್ನೇ ಬೈದ. ಕೊನೆಗೆ ಇವನು ಅಕ್ಕನಿಗೆ ಫೋನು ಮಾಡಿ ತೂಕ ಎಷ್ಟೆಂದು ಕೇಳಿದ.

"ಹೆಂಗಸರ ತೂಕ ಯಾರಾದ್ರೂ ಕೇಳ್ತಾರೇನೋ?" ಎಂದು ರೇಗಿ, ಆಮೇಲೆ ಹೇಳಿದಳು.

ಅಲೈನ್‌ಮೆಂಟ್ ಅಂಗಡಿಯವನು ಮಹಾ ಬಾಯಿಬಡುಕ. "ಪಕ್ಕಕ್ಕೂ ಮರಳು ಇಡಿ, ಐವತ್ತೆಂಟು ಕೆಜಿ" ಎಂದು ಇವನು ಹೇಳಿದಾಗ ಅವನ ಕಣ್ಣು ಅರಳಿತು.

"ಅಬ್ಬಾ, ಗುಡುಗು! ಯಾರಪ್ಪಾ ಅದು? ನಮಗೂ ಹೇಳ್ಲಿಲ್ವಲ್ಲ!"

"ಅಕ್ಕ. ಮಂಡಿ ಆಪರೇಷನ್ ಆಗಿದೆ."

ಅಂಗಡಿಯವನು ತಮಾಷೆ ಬಿಟ್ಟು ಚೀಲ ಎತ್ತಿಟ್ಟ. "ಊರುಗೋಲು ತರ್ತಾರಾ? ಹಾಗಿದ್ರೆ ಇನ್ನರ್ಧ ಕೆಜಿ ಸೇರಿಸೋಣ."

ಉಳಿದ ಐದು ಗುರುವಾರ ಅಕ್ಕ ಪಕ್ಕದಲ್ಲಿ ಕೂತಳು. ಹೋಗುವಾಗ ಬರುವಾಗ ಅವಳದೇ ಮಾತು, ಇವನದು ಬರೀ ಹೂಂ. ಭಾವ ರಾತ್ರಿ ಗೊರಕೆ ಹೊಡೆಯುತ್ತಿದ್ದುದನ್ನು ಹೇಳಿ ನಗುತ್ತಿದ್ದವಳು ಒಮ್ಮೆ ತಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿದಳು.  ಇವನು ಗಾಡಿಯನ್ನು ಇನ್ನಷ್ಟು ಮೆಲ್ಲಗೆ ಓಡಿಸಿದ.

ಆರನೇ ವಾರ ಅವಳು ಊರುಗೋಲಿಲ್ಲದೆ ಮೆಟ್ಟಿಲು ಹತ್ತಿದಳು. "ಮುಗೀತಪ್ಪ. ಇನ್ನು ನಿನಗೆ ತೊಂದರೆ ಇಲ್ಲ."

"ತೊಂದರೆ ಏನಿಲ್ಲ" ಅಂದ. 

ಒಬ್ಬನೇ ವಾಪಸ್ಸು ಬರುವಾಗ ಪ್ರತಿ ಸಲದಂತೆ ಅಂದೂ ಕಾರು ಅವನ ಬದಿಗೆ ಎಳೆಯುತ್ತಿತ್ತು. ಹೆಚ್ಚೇನಲ್ಲ, ಬೇರೆಯವರಿಗೆ ಗೊತ್ತೂ ಆಗುತ್ತಿರಲಿಲ್ಲ. ಪಕ್ಕದ ತೂಕ ಇಳಿದುಹೋಗಿತ್ತು, ಅಷ್ಟೇ. ಅಂಗಡಿಗೆ ಹೋದರೆ ಅರ್ಧ ಗಂಟೆಯ ಕೆಲಸ. ಹೋಗಲಿಲ್ಲ. ಭಾನುವಾರ ಸೀಟು ಬಿಚ್ಚಲೆಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿದವನು ತಿರುಗಿಸಲಾರದೆ ಅದರ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದ.

ಗುರುವಾರ ಬಂತು. ಹತ್ತಕ್ಕೆ ಅವನ ಕಾರು ಅಕ್ಕನ ಗೇಟಿನ ಮುಂದಿತ್ತು. ಅಕ್ಕ ಬಾಲ್ಕನಿಯಿಂದ ಬಗ್ಗಿ ನೋಡಿದಳು.

"ಏನೋ ಇದು? ಇವತ್ತು ಆಸ್ಪತ್ರೆ ಇಲ್ವಲ್ಲೋ!"

ಅವನು ಕೆಳಗಿಳಿದು ಸ್ವಲ್ಪ ಹೊತ್ತು ಕಾರಿನ ಮೇಲ್ಚಾವಣಿಯನ್ನು ಒರೆಸಿದ. ಆಮೇಲೆ ತಲೆಯೆತ್ತಿ, ಇಡೀ ಬೀದಿಗೆ ಕೇಳುವಂತೆ ಹೇಳಿದ:

"ಗಾಡಿ ಒಂದೇ ಕಡೆ ಎಳೀತಿದೆ ಅಕ್ಕಾ. ನೀನು ಕೂತ್ರೆ ಸರಿಹೋಗುತ್ತೆ."



"ಇರು, ಒಲೆ ಆರಿಸಿ ಬರ್ತೀನಿ" ಎಂದು ಅಕ್ಕ ಒಳಗೆ ಹೋದಳು. ಅವನು ಆ ಬದಿಗೆ ಹೋಗಿ ಬಾಗಿಲು ತೆಗೆದು ಹಿಡಿದುಕೊಂಡು ನಿಂತ.