ಉಪ್ಪು ಕುಡಿದ ಸಿಪ್ಪೆ

ಕಮಲಾಕ್ಷಣ್ಣ ನನಗೆ ಒಂದು ಮಾತೂ ಹೇಳದೆ ಕೆಲಸ ಬಿಟ್ಟು ಹೋದರು. ಆ ಸಿಟ್ಟು ಇವತ್ತಿಗೂ ಉಂಟು. ನನ್ನ ಹಾಗೇ ಕುಂಬಳೆ ಕಡೆಯವರು, ಹನ್ನೊಂದು ವರ್ಷ ತ್ರಿಪ್ಪುಣಿತ್ತುರದ ನನ್ನ ಗಿಡದ ನರ್ಸರಿಯಲ್ಲಿ ಕೆಲಸಕ್ಕೆ ಇದ್ದವರು. ಎದುರು ನಿಂತು ನಾಲ್ಕು ಬೈದಾದರೂ ಹೋಗಬಹುದಿತ್ತು.

ನೆರಳಿನ ಹೂವಿಗೆ ಅವರದೇ ಕೈ ಆಗಬೇಕು. ಆಂಥೂರಿಯಂ ನೆಡುವ ಮೊದಲು ತೆಂಗಿನ ಸಿಪ್ಪೆಯ ಚೂರನ್ನು ವಾರವಿಡೀ ಬಾವಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುವರು. ಕೊನೆಗೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುವರು. 'ಪಾಯಸಕ್ಕೆ ಹಾಕ್ಲಿಕ್ಕೆ ಉಂಟಾ?' ಅಂತ ನಾನು ನಗುತ್ತಿದ್ದೆ.

ಒಂದು ಜನವರಿಯಲ್ಲಿ ನಮ್ಮ ಖಾಯಂ ಗಿರಾಕಿ, ಅಂಬಲಮುಗಳಿನ ತೇಜಸ್ವಿನಿ ಮೇಡಂ, ಏಪ್ರಿಲಿನ ವಿಷು ಹಬ್ಬಕ್ಕೆ ಇನ್ನೂರು ಚಟ್ಟಿ ಆಂಥೂರಿಯಂ ಬೇಕು ಅಂದರು. ಅವಸರಕ್ಕೆ ನಾನು ಸಮುದ್ರದ ನೀರು ನುಗ್ಗುವ ಹಿನ್ನೀರಲ್ಲಿ ಕೊಳೆಹಾಕಿದ್ದ ಸಿಪ್ಪೆ ಒಂದು ಲೋಡು ತಂದೆ.

'ಧನಿ, ಇದು ಉಪ್ಪು ಕುಡಿದ ಸಿಪ್ಪೆ. ತೊಳೀಲಿಕ್ಕೆ ಒಂದು ವಾರ ಕೊಡಿ' ಅಂದರು ಕಮಲಾಕ್ಷಣ್ಣ.

'ವಾರ ನಿನ್ನಜ್ಜ ಕೊಡ್ತಾನಾ? ಇವತ್ತೇ ನೆಡು.' ನನಗಿಂತ ಹನ್ನೆರಡು ವರ್ಷ ದೊಡ್ಡವರಿಗೆ ಹೀಗೆ ಹೇಳಿದೆ.

ನೆಟ್ಟರು. ಎರಡು ತಿಂಗಳಾದರೂ ಹೊಸ ಎಲೆ ಇಲ್ಲ. ಹಳೆ ಎಲೆಯ ಅಂಚು ಸುಟ್ಟ ಹಾಗೆ. ನಾನು ನೆರಳಿನ ಬಲೆ ಸರಿಸಿದೆ, ಗೊಬ್ಬರ ಸುರಿದೆ, ಇನ್ನೂ ಹಾಳಾಯಿತು. ಮೇಡಂ ನೋಡಲು ಬಂದಾಗ ಅವರ ಎದುರೇ, 'ಇವ ನೀರು ಹೆಚ್ಚು ಹಾಕಿ ಬೇರು ಕೊಳೆಸಿದ' ಅಂದುಬಿಟ್ಟೆ. ಕಮಲಾಕ್ಷಣ್ಣ ನಲ್ಲಿ ನಿಲ್ಲಿಸಿ, ಪೈಪು ಸುರುಳಿ ಸುತ್ತಿಟ್ಟರು. ಮರುದಿನ ಬರಲಿಲ್ಲ. ಮೇಡಂ ಬಾಯಿಂದ ಮಾತು ಹರಡಿ, ಯಾರೂ ಅವರನ್ನು ತೋಟದ ಕೆಲಸಕ್ಕೆ ಕರೆಯಲಿಲ್ಲ.

ಆಮೇಲೆ ಗಿಡ ಕಿತ್ತು ನೋಡಿದೆ. ಬೇರು ಕೊಳೆತಿರಲಿಲ್ಲ, ತುದಿ ಕರಟಿತ್ತು. ಮೂಲೆಯಲ್ಲಿ ಉಳಿದಿದ್ದ ಸಿಪ್ಪೆಯನ್ನು ನಾಲಿಗೆಗೆ ಇಟ್ಟೆ. ಬರೀ ಉಪ್ಪು.

ಅವರು ತಿರುವನಂತಪುರದಲ್ಲಿ, ಚಾಲೈ ಪೇಟೆಯ ಪಾತ್ರೆ ಅಂಗಡಿಯಲ್ಲಿ ಸಾಮಾನು ಕಟ್ಟು ಕಟ್ಟುವ ಕೆಲಸ ಮಾಡುತ್ತಾರೆ ಅಂತ ತಿಳಿದು, ಸೊರಗಿದ ಗಿಡದ ಒಂದು ಚಟ್ಟಿ ಹಿಡಿದುಕೊಂಡು ರೈಲು ಹತ್ತಿದೆ. ಚಾಯ ಕುಡಿಸಿದರು. ಎಲೆ ತಿರುಗಿಸಿ ನೋಡಿ, 'ಸಿಪ್ಪೆ ಪೂರಾ ಬದಲಿಸಿ. ಒಂದು ತಿಂಗಳು ಗೊಬ್ಬರ ಬೇಡ, ಬಲೆ ಪುನಃ ಕಟ್ಟಿ. ಬದುಕ್ತದೆ' ಅಂದರು.

ತಪ್ಪು ನನ್ನದು ಅನ್ನಲೆಂದೇ ಹೋದವ ನಾನು. ಬಾಯಿಗೆ ಬಂದದ್ದು ಬೇರೆ: 'ಹೇಳದೆ ಬಂದದ್ದು ಸರಿಯಾ?'

'ಹೇಳಿದ್ದೆ ಧನಿ, ವಾರ ಕೊಡಿ ಅಂತ.'

ನಾನು ಚಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

'ನನ್ನ ಹತ್ರ ಎಂತ ಹೇಳುವುದೂ ಬೇಡ. ಇದ್ದದ್ದನ್ನು ಆ ಮೇಡಂ ಹತ್ರ ಹೇಳಿ, ಸಾಕು.'

ಹೂಂ ಅಂದೆ.

ಅವರು ಹೇಳಿದ ಹಾಗೇ ಮಾಡಿದೆ, ಗಿಡ ಬದುಕಿತು. ಮುಂದಿನ ವಿಷುವಿಗೆ ಕೆಂಪು ಹೂ ನೋಡಿ ಮೇಡಂ, 'ಈಗಿನ ಕೆಲಸದವ ಪರವಾಗಿಲ್ಲ ಅಲ್ವಾ?' ಅಂದರು.

'ಹೌದು' ಅಂದೆ ನಾನು, ಚಟ್ಟಿಗಳನ್ನು ಅವರ ಕಾರಿನಲ್ಲಿ ಇಡುತ್ತಾ.