ಗಲ್ಲ ಉಬ್ಬಿದ ಮಾಸ್ತರರ ಫೋಟೋ

ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಾನು ಕಲಿತದ್ದರಲ್ಲಿ ರಾಯಚೂರಿನ ಸಂಸಾರಕ್ಕೆ ಒದಗಿ ಬಂದದ್ದು ಕಸೂತಿ, ಮತ್ತೆ ಮೆಲ್ಲಗೆ ಮಾತಾಡುವ ಅಭ್ಯಾಸ. ಅಲ್ಲಿನ ಉದ್ದನೆಯ ಪಡಸಾಲೆಯ ಗೋಡೆಗೆ ಮದರ್‌ಗಳ ದೊಡ್ಡ ಫೋಟೋಗಳನ್ನು ತೂಗುಹಾಕಿದ್ದರು. ಅವರಲ್ಲಿ ಕೆಲವರು ಗೋಡೆಯ ಮೇಲೂ ಇರುತ್ತಿದ್ದರು, ಅದೇ ಗೋಡೆಯ ಕೆಳಗೆ ನಮ್ಮನ್ನು ನಿಲ್ಲಿಸಿ ಉಗುರು ಕತ್ತರಿಸಿದ್ದೇವೋ ಇಲ್ಲವೋ ಎಂದು ನೋಡುತ್ತಲೂ ಇರುತ್ತಿದ್ದರು. ಹೀಗಾಗಿ, ಬದುಕಿರುವವರ ಫೋಟೋ ಗೋಡೆಗೆ ಏರಿದರೆ ಒಂದು ಮನೆಯೇ ನಡುಗೀತು ಎಂಬುದು ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯವರಿಗಾದರೂ ಹೊಳೆಯಬೇಕಿತ್ತು. ಅವರು ಇಲ್ಲಿಯವರೇ.

ನಿಜಾಮರ ಆಡಳಿತ ಮುಗಿದ ಮರುವರ್ಷದ ಮಾತು. ನಮ್ಮ ಮನೆಯವರು ಊರಿನ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ತಾವು ಓದಿದ್ದೂ ಅಲ್ಲೇ, ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದದ್ದೂ ಅಲ್ಲೇ. ಹೈದರಾಬಾದಿನ ದೊಡ್ಡ ಕಾಲೇಜಿನವರನ್ನು ಅವರ ಮೈದಾನದಲ್ಲೇ ಸೋಲಿಸಿ ಬಂದ ಕಥೆಯನ್ನು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದಾರೋ! ಪ್ರತಿ ಸಲವೂ ಚೆಂಡು ಇನ್ನಷ್ಟು ಜೋರಾಗಿ ಬರುತ್ತಿತ್ತು.

ಆ ತಂಡದ ಹಳೆಯ ಆಟಗಾರರನ್ನೂ ಅವರನ್ನು ತಯಾರು ಮಾಡಿದ ಡ್ರಿಲ್ ಮಾಸ್ತರರನ್ನೂ ಕಾಲೇಜು ಸನ್ಮಾನಿಸಬೇಕು, ದೊಡ್ಡ ಹಾಲಿನ ಒಂದು ಗೋಡೆಯನ್ನು ಅವರ ಫೋಟೋಗಳಿಗೆ ಮೀಸಲಿಡಬೇಕು ಎಂದು ತೀರ್ಮಾನವಾಯಿತು. ಆಗ ಫುಲ್‌ಬ್ಯಾಕ್ ಆಡುತ್ತಿದ್ದವರು ಈಗ ಹತ್ತಿ ಗಿರಣಿಯ ಸಾಹುಕಾರರು. ಕಟ್ಟು ಹಾಕಿಸುವ ಖರ್ಚು ತಮ್ಮದೆಂದರು. ತಮ್ಮ ಫೋಟೋ ನಡುವೆ ಇರಲಿ, ಒಂದಿಷ್ಟು ದೊಡ್ಡದಿದ್ದರೂ ಅಡ್ಡಿಯಿಲ್ಲ ಎಂದೂ ಅಂದರು. ಲೆಫ್ಟ್ ಔಟ್ ಆಡುತ್ತಿದ್ದ ಮಾನ್ವಿಯವರು ಮಾತ್ರ ಫೋಟೋ ಕಳಿಸಲಿಲ್ಲ. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ ತಮ್ಮ ಕೇರಿಯಿಂದ ಮೊದಲಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಅವರು, ಈಗ ಅಲ್ಲೇ ಶಾಲೆಯ ಮೇಷ್ಟ್ರು. ಒಮ್ಮೆ ರಾಯಚೂರಿಗೆ ಬಂದಾಗ ನಮ್ಮ ಬಾಗಿಲಲ್ಲಿ ನಿಂತೇ ಹೇಳಿದ್ದರು: "ನಾ ಎಂದೂ ಫೋಟೋ ತೆಗಿಸಿಕೊಂಡಾಂವ ಅಲ್ರಿ. ಇರ್ಲಿ ಬಿಡ್ರಿ, ನೀವೆಲ್ಲಾ ಇರ್ತೀರಲ್ಲ." ಮಾತು ನಗುತ್ತಲೇ ಆಡಿದರು. ಆದರೆ ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡರು.

ಮಾಸ್ತರರು ನಿವೃತ್ತರಾಗಿ ದೇವದುರ್ಗ ಸೇರಿದ್ದರು. ಅವರನ್ನು ಆಮಂತ್ರಿಸಲು, ಕಟ್ಟು ಹಾಕಿಸಿದ ಅವರ ಫೋಟೋವನ್ನು ಮೊದಲು ಅವರಿಗೇ ತೋರಿಸಲು, ನಾವಿಬ್ಬರೂ ಸರ್ವೀಸ್ ಮೋಟಾರು ಹತ್ತಿದೆವು. ಕಾಲೇಜಿನ ಅಧ್ಯಾಪಕರ ಹಳೆಯ ಗುಂಪು ಫೋಟೋದಿಂದ ಅವರೊಬ್ಬರನ್ನೇ ದೊಡ್ಡದು ಮಾಡಿಸಿದ್ದರು. ಪಟದ ಅಂಗಡಿಯವನು ಅದನ್ನು ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿ, ಸುತಳಿ ಬಿಗಿದು ಕೊಟ್ಟಿದ್ದ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೆ. ಶ್ರೀಗಂಧದ ವಾಸನೆ ಬರುತ್ತಿತ್ತು. ಪಕ್ಕದ ಸೀಟಿನ ಮುದುಕರು ಹಣೆಗೆ ಗಂಧ ಹಚ್ಚಿಕೊಂಡಿದ್ದರು, ಅವರದೇ ಇರಬೇಕು ಅಂದುಕೊಂಡೆ.

ಮಾಸ್ತರರ ಹೆಂಡತಿ ಬಾಗಿಲಲ್ಲೇ ಎದುರಾದರು. "ಬರ್ರಿ, ಬರ್ರಿ! ರೀ, ನಿಮ್ಮ ಗೋಲ್‌ಕೀಪರ್ ಬಂದಾನ ನೋಡ್ರಿ!" ಮಾಸ್ತರರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಆಡುವ ಜಾಗವೇ ಹೆಸರು. ಆ ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಗಿತ್ತು. "ಈಕೀ ಏನು ನಿನ್ನ ಹೆಣ್ತಿ? ಯವ್ವಾ, ಗಾಳಿ ಬಂದ್ರ ಹಾರಿ ಹೋಗೂಹಂಗ ಅದಾಳಲ್ಲೋ. ರೊಟ್ಟಿ ಹಾಕಂಗಿಲ್ಲೇನು?" ಮಾಸ್ತರರು ಹಿತ್ತಲಲ್ಲಿ ಮೈ ತೊಳೆಯುತ್ತಿದ್ದರು. ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಅವ್ವಾರ, ಇದನ್ನ ಮೊದಲ ನೀವೇ ನೋಡ್ರಿ" ಎಂದು ಸುತಳಿ ಕಡಿದು ಕಾಗದ ಸರಿಸಿಯೇಬಿಟ್ಟರು.

ಒಳಗೆ ಮಾಸ್ತರರು ಖುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಕಟ್ಟಿನ ಸುತ್ತ ಶ್ರೀಗಂಧದ ಚಕ್ಕೆಯ ಹಾರ. ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗದಲ್ಲಿ, ಕುಂಕುಮದ ಬೊಟ್ಟು.

ಆ ತಾಯಿ ಚೀರಿದ ಚೀರಿಗೆ ಮಾಡಿನ ಪಾರಿವಾಳಗಳೆಲ್ಲ ಎದ್ದವು. ನೆರೆಮನೆಯ ಹೆಂಗಸೊಬ್ಬಳು ಓಡಿ ಬಂದಳು. ಫೋಟೋ ನೋಡಿದವಳೇ ಹೊಸ್ತಿಲಲ್ಲಿ ಕುಸಿದು ರಾಗ ಎತ್ತಿದಳು: "ಯಪ್ಪಾ ಮಾಸ್ತರ್ರ, ಹೋಗಿಬಿಟ್ರೇನ್ರೋ! ಮುಂಜಾನಿನೇ ನನ್ನ ಮಗನ ಕಿವಿ ಹಿಂಡಿದ್ರಲ್ರೋ!"

ಹಿತ್ತಲ ಬಾಗಿಲಿನಿಂದ ಮಾಸ್ತರರು ಒದ್ದೆ ಧೋತರದಲ್ಲೇ ಬಂದರು, ಕೈಯಲ್ಲಿ ತಂಬಿಗೆ. "ಯಾರು ಹೋದ್ರಬೇ?"

"ನೀವೇ ರೀ!" ಎಂದಳು ನೆರೆಮನೆಯವಳು, ಅಳು ನಿಲ್ಲಿಸದೆ.

ಮಾಸ್ತರರು ನಕ್ಕರು. ನೆರೆಮನೆಯವಳೂ ಕಣ್ಣೊರೆಸಿಕೊಂಡು ನಕ್ಕಳು. ಹೆಂಡತಿ ಮಾತ್ರ ನಗಲಿಲ್ಲ. ಫೋಟೋವನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟರು. ಆ ಗೋಡೆಯ ಮೇಲೆ ಆಗಲೇ ಅವರ ಅತ್ತೆ, ಮಾವ, ಭಾವ ಇದ್ದರು. ಮೂವರಿಗೂ ಇಂಥದೇ ಹಾರ, ಇಂಥದೇ ಬೊಟ್ಟು.

"ಗ್ವಾಡಿಗೆ ಫೋಟೋ ಏರಿತಂದ್ರ ಮನಷ್ಯಾ ಇಲ್ಲಂತ ಅರ್ಥ. ನಾ ಇನ್ನ ಹಣಿಮ್ಯಾಲೆ ಕುಂಕುಮ ಇಟಗೊಂಡು ಕುಂತೀನಿ, ನೀವು ಅವರ ಹಣಿಗೆ ಇಟ್ಟು ತಂದೀರಿ! ಈ ಫೋಟೋ ರಾಯಚೂರಾಗ ಗ್ವಾಡಿ ಏರೂದಾದ್ರ ಅವರು ಅಲ್ಲಿಗೆ ಬರಂಗಿಲ್ಲ. ಮುಗೀತು."

ನಮ್ಮ ಮನೆಯವರು ಕೈ ಮುಗಿದರು, ಇದು ಅಂಗಡಿಯವನ ಎಡವಟ್ಟು, ಹಾರ ಕಿತ್ತು ಹಾಕುತ್ತೇನೆ ಎಂದರು. "ಹಾರ ಕಿತ್ತರ ಹಣೇಬರಹ ಕಿತ್ತಂಗಾತೇನೋ?" ಎಂದು ಆಕೆ ಒಳಗೆ ಹೋದರು. ಮಾಸ್ತರರು ಮೈ ಒರೆಸಿಕೊಳ್ಳುತ್ತ, "ಆಕಿ ಅಂದದ್ದೇ ಆಖೈರು, ಗೋಲ್‌ಕೀಪರ್. ಬಿಡು" ಎಂದರು. ಅನ್ನುವಾಗ ಅವರ ಕೈ ಎದೆಯ ಹತ್ತಿರ ಹೋಗಿ ಏನನ್ನೋ ಹುಡುಕಿ ವಾಪಸು ಬಂತು. ಹುಡುಕಿದ್ದು ಗೂಟಕ್ಕೆ ತೂಗುಹಾಕಿದ್ದ ಸೀಟಿಯನ್ನು. ಅದರ ದಾರ ಆಗಷ್ಟೇ ಒಗೆದು ಒಣಗಿಸಿದ ಹಾಗೆ ಬೆಳ್ಳಗಿತ್ತು. ಪಕ್ಕದ ಗೂಟದಲ್ಲಿ ಹಳೆಯ ಕೋಟು. ಬಟ್ಟೆ ಮಾಸಿತ್ತು, ಹಿತ್ತಾಳೆಯ ಗುಂಡಿಗಳು ಮಾತ್ರ ಚಿನ್ನದ ಹಾಗೆ ಹೊಳೆಯುತ್ತಿದ್ದವು.

ನಮ್ಮ ಮನೆಯವರು ಅದನ್ನು ಗಮನಿಸಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋದೆ.

ಆಕೆ ರೊಟ್ಟಿ ತಟ್ಟುತ್ತಿದ್ದರು. ಸಿಟ್ಟಿನಲ್ಲಿ ತಟ್ಟಿದ ರೊಟ್ಟಿ ಎಷ್ಟು ತೆಳುವಾಗಿತ್ತೆಂದರೆ ಹಿಟ್ಟು ನಾದಿ ತಟ್ಟುವ ಮರದ ಕೊಣಮಿಗೆಯ ತಳ ಕಾಣುತ್ತಿತ್ತು. ನಾನು ಕೇಳಿದೆ: "ಅವ್ವಾರ, ಆ ಕೋಟಿನ ಗುಂಡಿ ಯಾರು ತಿಕ್ಕಿದ್ರಿ?"

"ನನಗ ಬ್ಯಾರೆ ಕೆಲಸಿಲ್ಲೇನು? ಅವರೇ. ಹುಣಸಿಹಣ್ಣು ತಗೊಂಡು ಕುಂತಿದ್ರು, ಸಾರಿಗೆ ಉಳಿಸಲಿಲ್ಲ." ಕೈ ನಿಂತಿತು. ಧ್ವನಿ ತಗ್ಗಿಸಿ ಅಂದರು: "ಸನ್ಮಾನದ ಸುದ್ದಿ ಬಂದಾಗಿಂದ ಹಂಗೇ ಮಾಡಾಕತ್ಯಾರ. ದಿನಾ ಮೀಸಿ ಕತ್ತರಿಸ್ಕೋತಾರ. ನಾ ನೋಡಿಲ್ಲಂತ ತಿಳಕೊಂಡಾರ."

"ಬರಬೇಕಂತ ಭಾಳ ಆಸಿ ಅದ ಅವರಿಗೆ."

"ಹೋಗಬ್ಯಾಡ್ರಿ ಅಂದೀನೇನು ನಾನು? ಗ್ವಾಡಿ ಏರಬ್ಯಾಡ್ರಿ ಅಂದೀನಿ." ಹಿಟ್ಟು ಹತ್ತಿದ ಕೈಯಿಂದ ಪಡಸಾಲೆಯ ಕಡೆ ತೋರಿಸಿದರು. "ನೋಡು ತಂಗಿ, ಅಲ್ಲಿರೋರು ಹ್ಯಾಂಗ ಕುಂತಾರ? ಉಸುರು ಬಿಗಿ ಹಿಡಕೊಂಡು. ನೀವು ತಂದ ಫೋಟೋದಾಗ ಇವರೂ ಹಂಗೇ ಕುಂತಾರ. ನಾ ಮದುವಿಯಾಗಿ ಬಂದಾಗಿಂದ ಇವರು ಉಸುರು ಹಿಡಿದದ್ದು ನೋಡಿಲ್ಲ, ಊದಿದ್ದೇ ನೋಡೀನಿ. ಚಾ ಬೇಕಂದ್ರ ಸೀಟಿ, ನೀರು ಬೇಕಂದ್ರ ಸೀಟಿ. ಹಿತ್ತಲದಾಗ ಆಡು ಅದಾವಲ್ಲ, ಅವೂ ಸೀಟಿ ಕೇಳಿ ಸಾಲು ಹಿಡೀತಾವ."

ನನಗೆ ನಗು ಬಂತು. ನಗುತ್ತಲೇ ಬಾಯಿಗೆ ಬಂದದ್ದನ್ನು ಅಂದೆ: "ಸೀಟಿ ಊದೋವಾಗಿನ ಫೋಟೋ ಆದ್ರ, ಅವ್ವಾರ?"

ಆಕೆ ನನ್ನನ್ನೇ ನೋಡಿದರು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಅದನ್ನು ನೋಡಿದರು. "ಗಲ್ಲ ಹಿಂಗ ಉಬ್ಬಿದ್ದು ಕಾಣಬೇಕು."

"ಕಾಣತದ್ರಿ."

"ಹಾರ ಕೊರಳಿಗೆ. ಗ್ವಾಡಿಗಲ್ಲ."

"ಕೊರಳಿಗೇ. ನಾನೇ ಕಟ್ಟತೀನಿ."

"ಹಂಗಾದ್ರ ಬರತೀವಿ ಅಂತ ಹೇಳು ಹೋಗು" ಎಂದು ರೊಟ್ಟಿ ಮಗುಚಿದರು. "ಸತ್ತಾಂವ ಎಂದಾದ್ರೂ ಊದ್ಯಾನೇನು?"

ರಾಯಚೂರಿಗೆ ಮರಳಿದ ಮರುದಿನವೇ ಪಟದ ಅಂಗಡಿಗೆ ಹೋದೆ. ಹಾರಗಳನ್ನು ಕಳಚು ಎಂದು ಹೇಳಲು ಹೋದವಳು ಬಾಗಿಲಲ್ಲೇ ನಿಂತೆ. ಒಳಗೆ ಸಾಲಾಗಿ, ಫೋಟೋ ಕಳಿಸಿದ ಎಲ್ಲ ಆಟಗಾರರು, ಎಲ್ಲರ ಹಣೆಗೂ ಬೊಟ್ಟು. ಎರಡನೆಯವರು ನಮ್ಮ ಮನೆಯವರು. ಬೆಳಿಗ್ಗೆ ನಾನೇ ಮಾಡಿದ ಉಪ್ಪಿಟ್ಟು ತಿಂದು ಕಾಲೇಜಿಗೆ ಹೋದವರು! ನಾನು ಕಾನ್ವೆಂಟಿನಲ್ಲಿ ಕಲಿತವಳು, ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಒಂದು ಕೈ ತಾನಾಗಿ ತಾಳಿಗೆ ಹೋಯಿತು, ಇನ್ನೊಂದು ಕೈ ಸೆರಗಿನಿಂದ ಗಾಜು ಒರೆಸುತ್ತಿತ್ತು.

ಅಂಗಡಿಯವನಿಗೆ ಬೇಸರ. "ಹಾರ ಪುಕ್ಕಟೆ ಹಾಕೀನ್ರಿ ಬಾಯಾರ. ಕಟ್ಟು ಹಾಕಿಸೂದು ಹೋದವರಿಗೇ ಅಲ್ರೀ? ಇಷ್ಟು ಮಂದಿ ಒಮ್ಮೆಲೇ ಹೆಂಗ ಹೋದ್ರಂತ ನಾನೂ ಮರುಗಿದೆ."

ಈ ಸುದ್ದಿ ಊರಿನ ಅಡುಗೆಮನೆಗಳಿಗೆ ತಲುಪಲು ಹೊತ್ತಾಗಲಿಲ್ಲ. ಸಂಜೆಯೊಳಗೆ ಒಂದೊಂದೇ ಮನೆಯಿಂದ ಹೇಳಿ ಕಳಿಸಿದರು: ನಮ್ಮವರನ್ನು ಗೋಡೆಯಿಂದ ಬಿಡಿ. ಎಲ್ಲರಿಗಿಂತ ಮೊದಲು ಹೇಳಿಕಳಿಸಿದ್ದು ಗಿರಣಿ ಸಾಹುಕಾರರ ಹೆಂಡತಿ. ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತು, "ಇನ್ನ ಗ್ವಾಡಿಗೆ ಏನು ಹಾಕೂದು, ಕ್ಯಾಲೆಂಡರ್ರ?" ಎಂದರು. ನಾನು ಮೆಲ್ಲಗೆ ಹೇಳಿದೆ: ಎಲ್ಲರನ್ನೂ ಮೈದಾನಕ್ಕೆ ಕರೆಸಿ. ಒಂದೇ ಫೋಟೋ ಸಾಕು.

ಸನ್ಮಾನಕ್ಕೆ ಮೊದಲು ಒಂದು ಬೆಳಿಗ್ಗೆ ಎಲ್ಲರೂ ಬಂದರು. ಕೋಟೆಯ ಗುಡ್ಡದ ಕೆಳಗೆ ಎಳೆ ಬಿಸಿಲು. ಸಾಹುಕಾರರು ಮನೆಯಿಂದ ಕೆತ್ತನೆಯ ಖುರ್ಚಿ ತರಿಸಿ ನಡುವೆ ಹಾಕಿಸಿ ಕುಳಿತರು. ಉಳಿದವರು ಹೊಟ್ಟೆ ಒಳಗೆಳೆದುಕೊಂಡು ಅಲ್ಲಲ್ಲಿ ನಿಂತರು. ಮಾನ್ವಿಯ ಲೆಫ್ಟ್ ಔಟ್ ದೂರದಲ್ಲಿ, ಗೋಲಿನ ಕಂಬದ ಹತ್ತಿರ, ಕೈ ಕಟ್ಟಿಕೊಂಡು ನಿಂತಿದ್ದರು. ಮುಂದೆ ಮಾಸ್ತರರು, ಕೋಟಿನ ಗುಂಡಿಗಳೆಲ್ಲ ಹೊಳೆಯುತ್ತ. ಫೋಟೋದವನು ಕರಿ ಬಟ್ಟೆಯೊಳಗಿನಿಂದ ಕೂಗಿದ: "ಸೀಟಿ ಸುಮ್ಮ ಬಾಯಾಗ ಹಿಡೀರಿ. ಊದಬ್ಯಾಡ್ರಿ, ಅಲುಗ್ಯಾಡಿದ್ರ ಮಸಕಾಗ್ತದ!"

ಬೇವಿನ ಮರದ ನೆರಳಿನಿಂದ ಮಾಸ್ತರರ ಹೆಂಡತಿ ಇನ್ನೂ ಜೋರಾಗಿ ಕೂಗಿದರು: "ಅಂವಂದೇನು ಕೇಳ್ತೀರಿ? ಊದ್ರಿ!"

ಮಾಸ್ತರರು ಊದಿದರು.

ಆ ಸದ್ದು ಗುಡ್ಡಕ್ಕೆ ತಾಗಿ ತಿರುಗಿ ಬರುವುದರೊಳಗೆ ಗಣಿತದ ಮೇಷ್ಟ್ರು, ತಹಸೀಲಿನ ಗುಮಾಸ್ತರು, ಬಟ್ಟೆ ಅಂಗಡಿಯವರು, ಎಲ್ಲರೂ ಓಡಿದರು. ಯಾರೂ ಹೇಳಲಿಲ್ಲ, ಯಾರೂ ಯೋಚಿಸಲಿಲ್ಲ. ಮಾಸ್ತರರ ಸಾಲು ಎಂದರೆ ಎತ್ತರದ ಸಾಲು. ಮನೆತನ, ಕೇರಿ ಯಾವುದೂ ಅಲ್ಲಿ ಲೆಕ್ಕಕ್ಕಿರಲಿಲ್ಲ. ಗೋಲಿನ ಕಂಬದಿಂದ ಲೆಫ್ಟ್ ಔಟ್ ಬಾಣದ ಹಾಗೆ ಬಂದು ತಮ್ಮ ಹಳೆಯ ಜಾಗದಲ್ಲಿ, ಎಲ್ಲರಿಗಿಂತ ಮೊದಲು, ಎದೆಯೆತ್ತಿ ನಿಂತರು. ಅವರ ಭುಜಕ್ಕೆ ಭುಜ ತಾಗಿಸಿ ನಮ್ಮ ಮನೆಯವರು. ಸಾಹುಕಾರರು ಖುರ್ಚಿಯಿಂದ ಎದ್ದ ರಭಸಕ್ಕೆ ಖುರ್ಚಿ ಅಂಗಾತ ಬಿತ್ತು. ಅವರು ಗಿಡ್ಡ, ಸಾಲಿನ ಕೊನೆಗೆ ಓಡಿ ನಿಂತು ಏದುಸಿರು ಬಿಡುತ್ತ ಗಹಗಹಿಸಿ ನಕ್ಕರು. "ಇನ್ನೂ ತಡಾನೇ ಬರ್ತೀಯಲ್ಲಲೇ ಫುಲ್‌ಬ್ಯಾಕ್!" ಎಂದರು ಮಾಸ್ತರರು. ಅವರ ಕಣ್ಣಲ್ಲಿ ನೀರಿತ್ತು.

ಬೆಚ್ಚಿಬಿದ್ದ ಫೋಟೋದವನು ಆ ಗದ್ದಲದಲ್ಲೇ ಗುಂಡಿ ಒತ್ತಿಬಿಟ್ಟಿದ್ದ. "ಕೆಟ್ಟುಹೋತ್ರಿ, ಇನ್ನೊಂದು ತೆಗಿತೀನಿ" ಎಂದ. ಮಾಸ್ತರರ ಹೆಂಡತಿ ಒಪ್ಪಲಿಲ್ಲ.

ಸನ್ಮಾನದ ದಿನ ಗೋಡೆಯ ಮೇಲಿನ ಪರದೆ ಸರಿದಾಗ ಹಾಲಿನಲ್ಲಿದ್ದ ಹುಡುಗರೆಲ್ಲ ಒಮ್ಮೆಲೇ ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದೆ ಓಡುತ್ತಿದ್ದವರು ಕೊಂಚ ಮಸುಕು. ಒಬ್ಬರ ಕಾಲು ಗಾಳಿಯಲ್ಲಿ, ಒಬ್ಬರ ಟೊಪ್ಪಿಗೆ ಗಾಳಿಯಲ್ಲಿ. ಮುಂದೆ ಮಾಸ್ತರರು ಮಾತ್ರ ಕಡೆದಿಟ್ಟ ಹಾಗೆ ಸ್ಪಷ್ಟ, ಗಲ್ಲಗಳು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ. ಕೆಳಗೆ ಮಾನ್ವಿಯವರ ಹೆಸರಿನಿಂದ ಶುರುವಾಗಿ ಎಲ್ಲರ ಹೆಸರೂ ನಿಂತ ಸಾಲಿನ ಪ್ರಕಾರವೇ ಇದ್ದವು.

ಪ್ರಿನ್ಸಿಪಾಲರು ಹಾರ ಎತ್ತಿಕೊಂಡರು. ಅಷ್ಟರಲ್ಲಿ ಮಾಸ್ತರರ ಹೆಂಡತಿ ಮುಂದಿನ ಸಾಲಿನಿಂದ ಎದ್ದು, "ಒಂದೀಟು ನಿಂದರ್ರಿ" ಎಂದರು. ಕಟ್ಟಿನ ಮೇಲ್ಗಡೆ ಗೋಡೆಗೆ ಅಂಗಡಿಯವನು ಹಾರ ಹಾಕಲೆಂದು ರೂಢಿಯಂತೆ ಹೊಡೆದಿದ್ದ ಮೊಳೆಗಳನ್ನು ಬೆರಳು ಮಾಡಿ ತೋರಿಸಿದರು. "ಅವನ್ನ ಕೀಳ್ರಿ." ಸಭೆ ಕಾಯಿತು. ಜವಾನ ಏಣಿ ತಂದು ಮೊಳೆ ಕಿತ್ತ, ತೂತಿಗೆ ಸುಣ್ಣ ಮೆತ್ತಿದ. ಆ ಹಸಿ ಸುಣ್ಣದ ಚುಕ್ಕೆಗಳನ್ನು ನೋಡುತ್ತ ಆಕೆ ಕುಳಿತರು. ಆಗಷ್ಟೇ ನಾನು ಕಟ್ಟಿದ ಮಲ್ಲಿಗೆ ಕನಕಾಂಬರದ ಹಾರ ಮಾಸ್ತರರ ಕೊರಳಿಗೆ ಬಿತ್ತು. ಅವರು ಮೊದಲು ಮಾಡಿದ ಕೆಲಸ, ಹೂವಿನೊಳಗೆ ಕೈ ಹಾಕಿ ಸೀಟಿ ಹುಡುಕಿ ಹೊರಗೆ ತೆಗೆದದ್ದು.

ಸಂಜೆ ದೇವದುರ್ಗದ ಮೋಟಾರು ಹತ್ತಿಸಲು ತಂಡವೆಲ್ಲ ಹೋಗಿತ್ತು. ಗಾಡಿ ಹೊರಟಿತು. ಮಾಸ್ತರರು ಹಾರ ತೆಗೆಯದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಮ್ಮೆ ಜೋರಾಗಿ ಊದಿದರು. ರಸ್ತೆಯ ಪಕ್ಕ ನಿಂತವರೆಲ್ಲ ನೆಟ್ಟಗಾದರು. ಕಂಡಕ್ಟರನ ಸೀಟಿ ಎಂದುಕೊಂಡ ಡ್ರೈವರ್ ಗಾಡಿಯನ್ನೂ ನಿಲ್ಲಿಸಿಬಿಟ್ಟ. ಒಳಗಿನವರ ಬೈಗುಳ, ಹೊರಗಿನವರ ನಗು. ಅದರ ನಡುವೆ ಮಾಸ್ತರರ ಹೆಂಡತಿ ಗಂಡನ ಹೆಗಲ ಮೇಲಿನಿಂದ ಇಣುಕಿ, ನನ್ನನ್ನು ಹುಡುಕಿ, ಕೂಗಿ ಹೇಳಿದರು:

"ತಂಗೀ, ಗ್ವಾಡಿಮ್ಯಾಲೆ ಅದಾರ ಖರೇ, ಆದ್ರ ನನ್ನವರು ಊದಿದ್ರ ಮೋಟಾರು ನಿಂದರ್ತದ ನೋಡು!"